ಮುಖ ಹೊಂದಬೇಕು

ಶಾಲೆಯ ಜಿಮ್ನೇಷಿಯಮ್ಮಿನಲ್ಲಿ, ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ
ನನ್ನ ಮಡಚುಮೇಜು.
ಮೇಲೆ ಮತದಾರರ ಪಟ್ಟಿ, ದಾರ ಕಟ್ಟಿದ ಪೆನ್ನು,
ತಟ್ಟೆಯಲ್ಲಿ ಕುಂಬಳಕಾಯಿ ಬ್ರೆಡ್ಡು.
ಇದೇ ಮೇಜು, ಕಾಲೊಂದು ಕುಂಟು,
ಮೂರು ಚಳಿಗಾಲದ ಹಿಂದೆ ಸೂಜಿ ಹತ್ತಿ ಹೊತ್ತಿತ್ತು.
ಆಗಲೂ ಇಲ್ಲೇ ಕೂತು ಹೆಸರು ಬರೆದುಕೊಂಡವಳು ನಾನೇ.
ಅರ್ಧ ಊರು ಅಂಗಿತೋಳು ಮಡಚಿಕೊಂಡು ಬಂತು.
ಇನ್ನರ್ಧ ಪಾರ್ಕಿಂಗ್ ಜಾಗದಲ್ಲಿ ನಿಂತು ಹಾರ್ನ್ ಹೊಡೆಯಿತು.

ಸಂಜೆ ಏಳಕ್ಕೆ ಹತ್ತು ನಿಮಿಷ. ಸಾಲಿನಲ್ಲಿ ನನ್ನ ತಮ್ಮ ಆರ್ಡನ್.
ತಮ್ಮ ಅಂದರೆ ಏಳು ನಿಮಿಷಕ್ಕೆ ತಮ್ಮ.
ಪಟ್ಟಿಯಲ್ಲಿ ಮಾತ್ರ ಅವನೇ ಮೇಲೆ:
ಟೊಲೆಫ್ಸನ್, ಆರ್ಡನ್. ಅದರ ಕೆಳಗೆ ನಾನು, ಆರ್ಡಿಸ್.
"ಗುರುತಿನ ಚೀಟಿ," ಅಂದೆ.
ಒಳಜೇಬು ತಡಕಿದ, ಹೊರಜೇಬು ತಡಕಿದ.
ಪರ್ಸು ಮನೆಯಲ್ಲಿ, ಹಾಲು ಕರೆದು ಕಳಚಿಟ್ಟ ಪ್ಯಾಂಟಿನಲ್ಲಿ.
ಹಿಂದೆ ನಿಂತವರು ನಕ್ಕರು:
"ಆರ್ಡಿಸ್, ಇವನು ಯಾರಂತ ನಿನಗೆ ಗೊತ್ತಿಲ್ಲವಾ?"
ಗೊತ್ತು.
ಎಡಹುಬ್ಬಿನ ಗಾಯ ನಾನು ಬೀಸಿದ ಸ್ಕೇಟಿನದು.
ಕಣ್ಣು ತೆರೆಯುವ ಮೊದಲೇ, ಕತ್ತಲಲ್ಲಿ, ನನ್ನನ್ನು ಒದ್ದವನು.

ಈ ಕಾನೂನು ಬರಲಿ ಅಂತ ಅಂಗಳದಲ್ಲಿ ಹಲಗೆ ನೆಟ್ಟವನು ಅವನೇ.
ಬೇಡ ಅಂತ ನಾನು ನೆಟ್ಟೆ, ಊರ ಈ ತುದಿಯಲ್ಲಿ.
ಎರಡನ್ನೂ ಒಂದೇ ಹಿಮ ಗುಡಿಸುವ ಲಾರಿ ಕಿತ್ತುಕೊಂಡು ಹೋಯಿತು.
ಈಗ ಅವನ ಹಲಗೆಯ ಮಾತನ್ನು ನಾನು ಆಡಬೇಕು,
ಗಂಟೆಗೆ ಹನ್ನೆರಡು ಡಾಲರಿಗೆ.

"ಕಾನೂನು ಅಂದರೆ ಕಾನೂನೇ," ಅಂದ ಆರ್ಡನ್,
ನನಗಲ್ಲ, ಕೈಯಲ್ಲಿದ್ದ ಟೋಪಿಗೆ.

ಆ ಮಾತು ಅವನದಲ್ಲ, ನನ್ನದು.
ಅಮ್ಮ ಕೊನೆಯ ವಾರ ಮಲಗಿದ್ದ ಆರೈಕೆಮನೆಯ ಬಾಗಿಲಲ್ಲಿ,
ಲಸಿಕೆಯ ಕಾರ್ಡು ಕೇಳಿದ ಹುಡುಗಿಯ ಪಕ್ಕ ನಿಂತು
ನಾನು ಅವನಿಗೆ ಹೇಳಿದ್ದು.
ಅವನು ಕಟ್ಟಡ ಸುತ್ತಿ ಬಂದು
ಕಿಟಕಿಗೆ ಅಂಗೈ ಒತ್ತಿ ನಿಂತ.
"ಯಾರದು?" ಅಂದಳು ಅಮ್ಮ.
ಗಾಜಿನ ಮೇಲೆ ಉಸಿರು ಮಂಜುಗಟ್ಟಿತ್ತು, ಮುಖ ಕಾಣುತ್ತಿರಲಿಲ್ಲ.
ಆರ್ಡನ್, ಅಂದೆ. ಅಮ್ಮ ನಂಬಲಿಲ್ಲ.
ಅವನಾಗಿದ್ದರೆ ಒಳಗೆ ಬರುತ್ತಿದ್ದ, ಅಂದಳು.

ನನ್ನ ತೋಳು, ಕಾಗದ ಕೇಳಲು ನೀವ್ಯಾರು, ಅಂತ ಅವನು.
ನನ್ನ ಮತ, ಕಾಗದ ಕೇಳಲು ನೀವ್ಯಾರು, ಅಂತ ನಾನು.
ಅಂಗಿ ಒಂದೇ, ಒಬ್ಬರು ಒಳಮೈ ಹೊರಗೆ ಮಾಡಿ ತೊಟ್ಟಿದ್ದೇವೆ.
ಹಾಗಂತ ಎರಡೂ ಸಮ ಅಂತ ನಾನೇನೂ ಒಪ್ಪುವುದಿಲ್ಲ;
ಆ ಚಳಿಗಾಲ ಆರೈಕೆಮನೆಯ ಹಿಂಬಾಗಿಲಿಂದ
ಎಷ್ಟು ಮಂಚ ಹೊರಟವು ಅಂತ ಎಣಿಸಿದ್ದೇನೆ.

ಹೋಗಲು ಹನ್ನೊಂದು ಮೈಲಿ, ಬರಲು ಹನ್ನೊಂದು.
ಹೊರಗೆ ವಿಸ್ಕಾನ್ಸಿನ್ನಿನ ಮೊದಲ ಹಿಮ, ಅಡ್ಡಡ್ಡ ಬೀಳುತ್ತ.
ಎಂಟಕ್ಕೆ ಬಾಗಿಲು ಮುಚ್ಚಬೇಕು.
ಏಳೂಕಾಲು.
ಏಳೂವರೆ.
ಅವನು ಬಂದರೆ ನನ್ನ ಮತ ಸೊನ್ನೆ, ಬಾರದಿದ್ದರೆ ಒಂದು.
ಇಷ್ಟು ಸಲೀಸಾದ ಲೆಕ್ಕ ಜನ್ಮದಲ್ಲಿ ಸಿಕ್ಕಿರಲಿಲ್ಲ.
ಗಡಿಯಾರದ ಕೆಳಗೆ ಕೂತು
ಸೊನ್ನೆ ಬರಲಿ, ಸೊನ್ನೆ ಬರಲಿ ಅಂತ ಬೇಡಿಕೊಂಡೆ.

ಏಳು ಐವತ್ತಮೂರಕ್ಕೆ ಬಂದ, ಮೀಸೆಯಲ್ಲಿ ಹಿಮ.
ಕಾರ್ಡನ್ನು ಮೇಜಿನ ಮೇಲೆ ಇಸ್ಪೀಟಿನೆಲೆಯಂತೆ ಇಟ್ಟ.
ನಿಯಮ ಇಷ್ಟೇ: ಚಿತ್ರದ ಮುಖ ಎದುರಿನ ಮುಖಕ್ಕೆ ಹೊಂದಬೇಕು.
ನೋಡಿದೆ. ಅಮ್ಮನ ಗದ್ದ.
ಅಮ್ಮ ಮುನಿದಾಗಿನ ಹುಬ್ಬು.
ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ನೋಡಿದೆನೇನೋ,
"ಹೊಂದುತ್ತಾ?" ಅಂದ.
"ಹೆಸರು, ವಿಳಾಸ, ಗಟ್ಟಿಯಾಗಿ," ಅಂದೆ. ಅದೂ ನಿಯಮವೇ.
ಹೇಳಿದ. ನಾವಿಬ್ಬರೂ ಹುಟ್ಟಿದ ಮನೆಯ ನಂಬರು.
ಸಹಿ ಹಾಕಿದ, ನನ್ನ ಸಹಿಯ ನೆತ್ತಿಯ ಮೇಲೆ.

ಯಂತ್ರ ಅವನ ಕಾಗದವನ್ನು ಒಳಗೆಳೆದುಕೊಂಡಿತು.
ಬೆಳಿಗ್ಗೆಯಿಂದ ನನ್ನದೂ ಅಲ್ಲೇ ಬಿದ್ದಿತ್ತು,
ಆ ಕತ್ತಲಲ್ಲಿ, ಹೆಸರಿಲ್ಲದೆ, ಮುಖವಿಲ್ಲದೆ.
ಅಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಹೊರಡುವಾಗ ತಟ್ಟೆಯಲ್ಲಿ ಉಳಿದ ಒಂದೇ ತುಂಡು ಎತ್ತಿಕೊಂಡ.
ಯಾರು ಮಾಡಿದ್ದು ಅಂತ ಕೇಳಲಿಲ್ಲ.
ಕಚ್ಚಿದ, ಅಗಿದ,
"ಜಾಯಿಕಾಯಿ ಜಾಸ್ತಿ, ಯಾವಾಗಲೂ," ಅಂದು
ಟೋಪಿ ಹಾಕಿಕೊಂಡ.